ಅವ್ವನ ಹೆಸರಿನ ನಾಲ್ಕು ಖೋಲಿ

ಈ ಸಲದ ನಾಗರಪಂಚಮಿಗೆ ನನ್ನ ತಮ್ಮ ಸುಕುಮಾರ ಮನೆಗೆ ಬಂದ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅವನು ನನ್ನ ಹೊಸ್ತಿಲು ತುಳಿದಿರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಬಾಗಿಲಲ್ಲಿ ಕಾಲೊರೆಸಲು ಹಾಸಿದ್ದ ಗೋಣಿತಟ್ಟಿನ ಮೇಲೆ ಮೊದಲು ಕೋಲು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಇಟ್ಟು ಅವನು ನಿಂತಾಗ ತೊಯ್ದ ಗೋಣಿಯ ವಾಸನೆ ಎದ್ದು ಒಳಗೆಲ್ಲ ಹಬ್ಬಿತು. ಅದು ಬರೀ ಗೋಣಿಯ ವಾಸನೆ. ನನ್ನ ಮೂಗು ಮಾತ್ರ ಅದಕ್ಕೆ ತಾನಾಗಿಯೇ ಒಣಮೆಣಸಿನಕಾಯಿಯ ಘಾಟು ಸೇರಿಸಿಕೊಂಡಿತು. ‘ಬಾ’ ಎನ್ನಬೇಕಾದ ಹೊತ್ತಿನಲ್ಲಿ ನಾನು ಸೀನಿದೆ.

ಆ ಘಾಟು ಹೊಸ ಶತಮಾನ ಕಾಲಿಟ್ಟ ಆಸುಪಾಸಿನ ಒಂದು ಮಳೆಗಾಲದ್ದು. ನಾನಾಗ ಖಾನಾಪುರದ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ರಿಟೈರ್ ಆಗಲು ಎರಡೇ ವರ್ಷ ಬಾಕಿ. ಬೆಳಗಾವಿಯಿಂದ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬರುತ್ತಿದ್ದೆ. ಖಾನಾಪುರದ ಮಳೆ ಬೆಳಗಾವಿಯ ಮಳೆಯಂತಲ್ಲ, ಅದು ಪಡುವಣದಿಂದ ಅಡ್ಡಡ್ಡ ಬರುತ್ತದೆ. ನಮ್ಮ ಶಾಲೆಯ ಪಡುವಣ ಕಿಟಕಿಗಳಿಗೆ ಬಾಗಿಲೇ ಇರಲಿಲ್ಲ. ಮೃಗಶಿರಾ ಬಂತೆಂದರೆ ರವಿವಾರ ಪೇಟೆಯ ನಮ್ಮಪ್ಪನ ಮೆಣಸಿನಕಾಯಿ ಅಂಗಡಿಯಿಂದ ಹಳೆ ಚೀಲ ತಂದು, ಬಿಚ್ಚಿ, ಮೊಳೆ ಹೊಡೆಸುತ್ತಿದ್ದೆ. ಎಷ್ಟು ಜಾಡಿಸಿದರೂ ಖಾರ ಹೋಗುತ್ತದೆಯೇ? ಗಾಳಿ ಬೀಸಿತೆಂದರೆ ಎಂಟನೆಯ ಇಯತ್ತೆ, ಒಂಬತ್ತನೆಯ ಇಯತ್ತೆ ಒಟ್ಟಿಗೆ ಸೀನುತ್ತಿದ್ದವು. ಒಟ್ಟಿಗೇ ಸೀನಲೇಬೇಕು, ಏಕೆಂದರೆ ಎರಡೂ ಒಂದೇ ಖೋಲಿಯಲ್ಲಿದ್ದವು.

ಅವ್ವ ಬದುಕಿದ್ದಾಗ ಒಮ್ಮೆ ನನ್ನ ಜೊತೆ ಶಾಲೆ ನೋಡಲು ಬಂದಿದ್ದಳು. ನಮ್ಮವ್ವ ಚಂಪವ್ವ ತಾನು ಶಾಲೆಯ ಮುಖ ಕಂಡವಳಲ್ಲ. ಮಗಳನ್ನು ಮಾತ್ರ, ನೆಂಟರೆಲ್ಲ ನಗಾಡಿದರೂ, ಬೆಳಗಾವಿ ಕ್ಯಾಂಪಿನ ಕಾನ್ವೆಂಟಿಗೇ ಹಾಕಿದವಳು. ಅಂದು ಆ ಖೋಲಿಯಲ್ಲಿ ಹುಡುಗಿಯರು ಸೋರುವ ಜಾಗ ಬಿಟ್ಟು ಒಬ್ಬರ ಮೇಲೊಬ್ಬರು ಕೂತಿದ್ದನ್ನು ನೋಡಿ ಅವಳು ಹತ್ತಿರದ ಹುಡುಗಿಯ ತೊಯ್ದ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಶಾಲೆಗೆ ಹತ್ತಿಕೊಂಡೇ ಅಪ್ಪ ಕೊಂಡಿಟ್ಟು ಹೋದ ಹೊಲವಿತ್ತು. ಕೊನೆಯ ಸಲ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಕೂಡಿಸಿಕೊಂಡು ಹೇಳಿದಳು, “ಸಾಲಿ ಬಾಜೂಕಿನ ಪಟ್ಟಿ ಅವರಿಗೆ ಬಿಟ್ಟುಬಿಡ್ರಿ. ಮ್ಯಾಲ ನಾಲ್ಕು ಖೋಲಿ ಕಟ್ಟಿಸಿ ಕೊಡ್ರಿ.” ಸುಕುಮಾರ ಅವಳ ಕೈ ಹಿಡಿದು ಹೂಂ ಎಂದ. ನಾನೂ ಎಂದೆ.

ಅವ್ವ ಹೋದ ಮೇಲಿನ ಮೊದಲ ಪಂಚಮಿಗೆ ಅವನು ನನಗೆ ಸೀರೆ ತಂದ. ಹಸಿರು ಒಡಲು, ಕೆಂಪು ಸೆರಗಿನ ಇಳಕಲ್ಲ ಸೀರೆ. ಅರಿಷಿಣ, ಕುಂಕುಮ, ಅಳ್ಳಿಟ್ಟು, ಒಂದು ಡಬ್ಬಿ ಶೇಂಗಾ ಉಂಡಿ. ತಟ್ಟೆಯ ತಳದಲ್ಲಿ ಒಂದು ಛಾಪಾ ಕಾಗದ.

“ಏನಪಾ ಇದು?”

“ಇದರಾಗ ಓದೂದೇನೈತಿ, ಅಕ್ಕಾ? ಸಾಲಿಗೆ ಪಟ್ಟಿ ಬಿಡಬೇಕಂದ್ರ ಹೊಲ ಒಬ್ಬರ ಹೆಸರಲೆ ಇರಬೇಕಂತ ವಕೀಲರು ಹೇಳ್ಯಾರ. ಒಂದ್ ಸಹಿ ಹಾಕಿಬಿಡು.”

ನಮ್ಮ ಕಡೆ ಹೆಣ್ಣುಮಕ್ಕಳು ಸೀರೆ ಉಟ್ಟು ಹಕ್ಕು ಬಿಡುವುದು ಹೊಸದಲ್ಲ. ಸೋದರತ್ತೆ ಬಿಟ್ಟಿದ್ದಳು, ಅವಳತ್ತೆಯೂ ಬಿಟ್ಟಿದ್ದಳು. ಪಂಚಮಿಯ ದಿನ ತಮ್ಮ ತಂದ ಕಾಗದವನ್ನು ಅಕ್ಕ ಕನ್ನಡಕ ಹಾಕಿಕೊಂಡು ಓದಲು ಕೂತರೆ ಅದು ತಮ್ಮನಿಗೆ ಕಪಾಳಕ್ಕೆ ಹೊಡೆದಂತೆ. ನಾನು ಮೂವತ್ತು ವರ್ಷ ಮಕ್ಕಳಿಗೆ ‘ರೀಡ್ ದ ಕ್ವೆಶ್ಚನ್ ಟ್ವೈಸ್’ ಎಂದು ಹೇಳಿಕೊಂಡು ಬಂದವಳು. ಅಂದು ಒಮ್ಮೆಯೂ ಓದಲಿಲ್ಲ. ಮುಂದೆ ಅದೇ ಸೀರೆ ಉಟ್ಟು ಸಬ್‌ರಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಮಾಡಿ, ಕಾನ್ವೆಂಟಿನ ಕರ್ಸಿವ್ ಅಕ್ಷರದ ಪಕ್ಕದಲ್ಲಿ ಹೆಬ್ಬೆರಳನ್ನೂ ಒತ್ತಿ ಬಂದೆ.

ದೀಪಾವಳಿ ಕಳೆದ ಮೇಲೆ ಅವನು ಮತ್ತೊಂದು ಕಾಗದ ತಂದ. ಈ ಸಲ ಇಂಗ್ಲಿಷಿನಲ್ಲಿ. ಹೊಲ ಪ್ಲಾಟ್ ಆಗಲಿತ್ತು. ಗೋವಾ, ಪುಣೆ ಕಡೆಯ ಗಿರಾಕಿಗಳಿಗೆ ಹಂಚಲು ಬ್ರೋಷರ್. ನಾನು ಹಾಳೆಯನ್ನು ದೂರ ಸರಿಸಿದೆ. ಅವನು ಬೆರಳಿಟ್ಟು ಒಂದು ಸಾಲು ತೋರಿಸಿದ. ಬಡಾವಣೆಯ ಪಕ್ಕದಲ್ಲೇ ಹೈಸ್ಕೂಲು ಇದೆ, ಅಲ್ಲಿ ಮಾಲಕರು ತಮ್ಮ ತಾಯಿ ಚಂಪಾಬಾಯಿಯವರ ನೆನಪಿಗೆ ನಾಲ್ಕು ಖೋಲಿ ಕಟ್ಟಿಸುತ್ತಿದ್ದಾರೆ ಎಂದು ಅದರಲ್ಲಿತ್ತು. “ಪ್ಲಾಟ್ ಮಾರಿದ್ರನs ಖೋಲಿ ಏಳ್ತಾವ, ಅಕ್ಕಾ. ನಿನ್ನ ಇಂಗ್ಲಿಷ್ ಚಲೋ ಐತಿ, ತಿದ್ದಿ ಕೊಡು.” ಅವ್ವನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ನಾನು ಕಂಡಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ಕೆಂಪು ಪೆನ್ನಿನಿಂದ ತಿದ್ದಿದೆ. ಅವನು ಬದಿಯಲ್ಲಿ ‘ಅಕ್ಕ ತಿದ್ದಿದ್ದು ಸರಿ ಇದೆ, ಹೀಗೇ ಛಾಪಿಸಿರಿ’ ಎಂದು ಪ್ರೆಸ್ಸಿನವನಿಗೆ ಬರೆದು ಸಹಿ ಮಾಡಿದ. ಛಾಪಾ ಆದ ಮೇಲೆ ಆ ಕೆಂಪು ಹಾಳೆಯನ್ನು ಕೇಳಿ ಇಸಿದುಕೊಂಡೆ. ಕಾರಣ ಬೇರೇನಿಲ್ಲ, ಅದರಲ್ಲಿ ಅವ್ವನ ಹೆಸರಿತ್ತು. ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟುಕೊಂಡೆ.

ಮಳೆ ಹಿಡಿಯುವ ಮುಂಚೆ ಖೋಲಿ ಏಳಲಿಲ್ಲ. ಶಾಲೆಗೆ ಬಿಡಬೇಕಿದ್ದ ಪಟ್ಟಿಯ ಸುತ್ತ ಗೋಡೆ ಎದ್ದಿತು. ಒಂದು ಕಮಾನು, ಅದರ ಮೇಲೆ ‘ಚಂಪಾ ಗಾರ್ಡನ್ಸ್’. ಒಳಗೆ ಒಂದು ತುಳಸಿ ಗಿಡವೂ ಇರಲಿಲ್ಲ. ಕೇಳಿದರೆ ಹೇಳಿದ, “ಸಾಲಿ ಕಟ್ಟೂದು ಸರಕಾರದ ಕೆಲಸ, ಅಕ್ಕಾ. ಅವ್ವನ ಹೆಸರ ಇಟ್ಟೇನಲ್ಲ, ಮತ್ತೇನ ಬೇಕು?”

ನಮ್ಮ ಅವ್ವನ ಹೆಸರನ್ನು ಅವನು ಗೇಟಿಗೆ ನೇತುಹಾಕಿದ್ದ. ಅಂದಿನಿಂದ ನಾನು ಅವನಿಗೆ ಒಳ್ಳೆಯದನ್ನು ಬಯಸಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಪ್ರೇಯರ್‌ಗಳಲ್ಲಿ ಶತ್ರುವಿಗಾಗಿ ಬೇಡುವುದೂ ಇತ್ತು. ಬಸದಿಗೆ ಹೋದಾಗ ಎಲ್ಲ ಜೀವಗಳಲ್ಲೂ ಕ್ಷಮೆ ಕೇಳುವುದೂ ಇತ್ತು. ಎರಡನ್ನೂ ಬಾಯಿಪಾಠ ಹೇಳುತ್ತಿದ್ದೆ. ಸುಕುಮಾರನ ಹೆಸರು ಬರುವ ಜಾಗದಲ್ಲಿ ಸುಮ್ಮನೆ ತುಟಿ ಮುಚ್ಚುತ್ತಿದ್ದೆ.

ಆ ಮಳೆಗಾಲದಲ್ಲೇ ಪಟ್ಟಣ ಪಂಚಾಯಿತಿಯ ಮುಂದೆ ಒಂದು ಠರಾವಿನ ಮಾತು ಬಂತು. ಹೊಸ ಬಡಾವಣೆಗಳಿಂದ ಮಕ್ಕಳು ಬರುತ್ತಿದ್ದಾರೆ, ಖೋಲಿಗಳಿಲ್ಲ. ಆದ್ದರಿಂದ ಹೊಸ ಮನೆ ಕಟ್ಟುವವರಿಂದ ಪರವಾನಗಿ ಕೊಡುವಾಗಲೇ ಒಂದು ಶುಲ್ಕ ತೆಗೆದುಕೊಂಡು ಊರಿನ ಶಾಲೆಗಳಿಗೆ ಬಳಸಬೇಕು. ಜನರ ಅಭಿಪ್ರಾಯ ಕೇಳಿ ಆಮೇಲೆ ತೀರ್ಮಾನ. ಸ್ಟೇಶನ್ನಿನಲ್ಲಿ, ಚಹಾದಂಗಡಿಯಲ್ಲಿ, ಹಿಟ್ಟಿನ ಗಿರಣಿಯಲ್ಲಿ ಅದೇ ಮಾತು. ಹಳೆ ಊರಿನವರು, ಹೊಸಬರು ಬಂದು ನಮ್ಮ ಮಕ್ಕಳ ಬೆಂಚಿನ ಮೇಲೆ ಕೂತರೆ ಬೆಂಚಿಗೆ ಅವರೇ ಕೊಡಲಿ ಎಂದರು. ಹೊಸಬರು, ನಾವು ಟ್ಯಾಕ್ಸ್ ಕೊಡುತ್ತಿಲ್ಲವೇ ಎಂದರು. ಇನ್ನು ಕೆಲವರು ಖೋಲಿ ಏಳುವ ಮುಂಚೆಯೇ ಅವು ಕನ್ನಡ ವರ್ಗಕ್ಕೋ ಮರಾಠಿ ವರ್ಗಕ್ಕೋ ಎಂದು ಜಗಳ ತೆಗೆದರು. “ಎರಡ ಅವರಿಗೆ, ಎರಡ ಇವರಿಗೆ. ಮಳಿಗೆ ಭಾಷಾ ಗೊತ್ತೈತೇನು?” ಎಂದು ಅದನ್ನು ಒಂದೇ ಮಾತಿನಲ್ಲಿ ಮುಗಿಸಿದವಳು ಪಂಚಾಯಿತಿಯ ಅಧ್ಯಕ್ಷೆ ಯಲ್ಲವ್ವ. ಆಡು ಕಾಯುವ ಮನೆತನದವಳು, ಮೀಸಲಾತಿಯಲ್ಲಿ ಆರಿಸಿ ಬಂದವಳು. ಅವಳ ಗಂಡನೇ ಕಾರಭಾರ ನಡೆಸುತ್ತಾನೆಂದು ಎಲ್ಲರೂ ಎಣಿಸಿದ್ದರು. ಮೊದಲ ವಾರವೇ ಅವಳು ಅವನನ್ನು ಆಡು ಕಾಯಲು ಕಳಿಸಿದ್ದಳು.

ಮೊದಲ ಸಭೆ ಪಂಚಾಯಿತಿಯ ಹಾಲ್‌ನಲ್ಲಿ. ತಗಡಿನ ಮೇಲೆ ಮಳೆ, ಒಳಗೆ ಛತ್ರಿಗಳ ನೀರು. ನಾನು ಶಾಲೆಯ ಪರವಾಗಿ ಎದ್ದುನಿಂತು ಗೋಣಿಚೀಲದ ಕಥೆ ಹೇಳಿದೆ. ಜನ ತಲೆದೂಗಿದರು. ಆಗ ಸುಕುಮಾರ ಎದ್ದ. ತಾನು ಮಾತಾಡಲಿಲ್ಲ, ಪರಶುರಾಮನನ್ನು ಮುಂದೆ ಮಾಡಿದ. ಪರಶುರಾಮ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕ ಹೊಯ್ಯುವವನು. ಅವನ ಮಗಳು ಮಂಗಲಾ ನನ್ನ ಹತ್ತನೆಯ ವರ್ಗದಲ್ಲಿದ್ದಳು. ಚಂಪಾ ಗಾರ್ಡನ್ಸ್‌ನಲ್ಲಿ ಮೊದಲ ಪ್ಲಾಟು ಕೊಂಡು ಪಾಯ ತೋಡಿದವನೇ ಅವನು.

“ತೋಳ ತೋರಸೋ ಪರಶ್ಯಾ,” ಎಂದ ಸುಕುಮಾರ. ಪರಶುರಾಮ ನಾಚಿಕೊಂಡು ಅಂಗಿಯ ತೋಳು ಏರಿಸಿದ. ಮೊಣಕೈವರೆಗೆ ಕಾದ ಕಬ್ಬಿಣ ಸಿಡಿದ ಕಲೆಗಳು. “ನೋಡ್ರಿ. ಇಂಥಾವ್ರ ಮನಿ ಮ್ಯಾಲ ಫೀ ಹಾಕ್ತೀರಿ? ಇವ ಪಾಯಕ್ಕ ಹಾಕ್ಲೋ, ಅಕ್ಕೋರ ಕಿಟಕಿಗೆ ಹಾಕ್ಲೋ?”

ಅದು ಸುಳ್ಳಲ್ಲ. ಶುಲ್ಕ ಬಿದ್ದರೆ ಅವನ ಮೇಲೆಯೇ ಬೀಳುತ್ತಿತ್ತು. ನಾನು ಮಾತು ಹೊಂದಿಸಿಕೊಂಡು, “ಹಂಗಾದ್ರ ಪ್ಲಾಟ್ ಮಾರಿದವರ ಕೊಡಲಿ. ನಾಲ್ಕು ಖೋಲಿ ಕಟ್ಟಸ್ತೀನಿ ಅಂತ ನೀ ಮಾತ ಕೊಟ್ಟಿಲ್ಲೇನು?” ಎಂದೆ.

ಅವನು ನಕ್ಕ. “ನಾ ಯಾರಿಗೂ ಮಾತ ಕೊಟ್ಟಿಲ್ಲರಿ. ನಮ್ಮಕ್ಕ ಮನಿಯಾಗ ಮಲಗಿದ್ದ ಮುದುಕಿ ಬಡಬಡಿಸಿದ್ದನ್ನ ಊರ ಮುಂದ ತಂದಾಳ. ಬಿಡ್ರಿ, ಆಕಿಗೇನ ಗೊತ್ತು ಮನಿ ಕಟ್ಟೂ ಕಷ್ಟ? ಗಂಡಿಲ್ಲ, ಮಕ್ಕಳಿಲ್ಲ, ಹಿಂಡಲಗಾದಾಗ ಬಾಡಗಿ ಮನಿ.”

ನಗೆ ಎದ್ದಿತು. ದೊಡ್ಡ ನಗೆಯೇನಲ್ಲ, ಛತ್ರಿ ಕೊಡವಿದಷ್ಟು. ಹೊಲದ ಜೊತೆ ಅಪ್ಪನ ಮನೆಯ ಪಾಲನ್ನೂ ಬಿಡಿಸಿ ನನ್ನನ್ನು ಬಾಡಿಗೆ ಮನೆಗೆ ಕಳಿಸಿದ ಸಹಿ ಯಾರದ್ದೆಂದು ಆ ಹಾಲ್‌ನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆದರೆ ಚುಚ್ಚಿದ್ದು ಅದಲ್ಲ. ಅವ್ವ ಬಡಬಡಿಸಿದಳಂತೆ. ಇಂದಿಗೂ ಆ ಶಬ್ದ ಕಿವಿಯಲ್ಲಿ ಹಾಗೇ ಇದೆ.

ಯಲ್ಲವ್ವ ಮುಂದಿನ ವಾರಕ್ಕೆ ಸಭೆ ಮುಂದೂಡಿದಳು. ಮರಳಿ ಬರುವಾಗ ಗಾಡಿಯ ಕಿಟಕಿಯಲ್ಲಿ ದೇಸೂರಿನ ಗದ್ದೆಗಳು ನೀರು ತುಂಬಿ ಹೊಳೆಯುತ್ತಿದ್ದವು, ನಾನು ಮಾತ್ರ ಬಿಸ್ಕೀಟಿನ ಡಬ್ಬಿಯನ್ನು ನೆನೆಯುತ್ತಿದ್ದೆ. ಆ ಹಾಳೆಯನ್ನು ಮರುದಿನವೇ ಯಲ್ಲವ್ವನ ಕೈಗೆ ಕೊಡಬಹುದಿತ್ತು. ಸುಕುಮಾರನಿಗೇ ತೋರಿಸಿ, ನೋಡಪಾ, ನೆಟ್ಟಗೆ ಖೋಲಿ ಕಟ್ಟಿಸು ಎನ್ನಬಹುದಿತ್ತು. ಅವನು ಕಟ್ಟಿಸುತ್ತಿದ್ದ ಕೂಡ, ಅಷ್ಟು ಅಂಜುಬುರುಕ. ಎರಡನ್ನೂ ಮಾಡಲಿಲ್ಲ. ನನಗೆ ಖೋಲಿಯಷ್ಟೇ ಬೇಕಾಗಿರಲಿಲ್ಲ. ನಗೆ ಎದ್ದ ಅದೇ ಹಾಲ್ ಬೇಕಾಗಿತ್ತು, ಅದೇ ಜನ ಬೇಕಾಗಿದ್ದರು.

ಎರಡನೆಯ ಸಭೆಯ ಹಿಂದಿನ ದಿನ ಪಂಚಮಿ. ಅವನು ಮಧ್ಯಾಹ್ನ ಸೀರೆ ಹಿಡಿದುಕೊಂಡು ಬಂದ. “ಸಭಾದಾಗ ಏನೋ ಬಾಯಿಗೆ ಬಂದದ್ದು ಅಂದೆ, ಮನಸ್ಸಿಗೆ ಹಚ್ಚಿಕೋಬ್ಯಾಡ ಅಕ್ಕಾ. ನಾಳೆ ಗಪ್ಪನ ಕುಂದರು. ಇದೊಂದ ಠರಾವ ಬಿದ್ದು ಹೋಗ್ಲಿ.” ನಾನು ಅವನಿಗೆ ಕೂರಲು ಚಾಪೆ ಹಾಸಿದೆ. ನಾಗಪ್ಪನಿಗೆ ಎರೆದು ಹಾಲು ಮಿಕ್ಕಿತ್ತು, ಬೆಲ್ಲ ಹಾಕಿ ಕಾಯಿಸಿ ಕೊಟ್ಟೆ. ಎಳ್ಳುಂಡಿ ಕೊಟ್ಟೆ. ಅವನು ಮೂರು ತಿಂದ. ನಾಲ್ಕನೆಯದನ್ನು ನಾನೇ ಕೈಗಿಟ್ಟೆ.

“ಗಪ್ಪ ಕುಂದರ್ತಿ ಅಲ್ಲ?”

“ತಿನ್ನು,” ಎಂದೆ.

ಅಷ್ಟು ರುಚಿಯಾದ ಪಂಚಮಿ ನನ್ನ ಜನ್ಮದಲ್ಲಿ ಬಂದಿಲ್ಲ.

ಮರುದಿನ ಹಸಿರು ಒಡಲು, ಕೆಂಪು ಸೆರಗಿನ ಆ ಹಳೆಯ ಸೀರೆಯನ್ನೇ ಉಟ್ಟೆ, ಹಕ್ಕು ಬಿಟ್ಟಿದ್ದ ಸೀರೆ. ಹಾಲ್‌ನಲ್ಲಿ ಕಾಲಿಟ್ಟಾಗ ಅವನು ಮೊದಲು ನೋಡಿದ್ದು ನನ್ನ ಮುಖವಲ್ಲ, ಸೆರಗು. ಏನೋ ಆಗಲಿದೆ ಎಂದು ಅವನಿಗೆ ಆಗಲೇ ತಿಳಿಯಿತು, ಏನೆಂದು ತಿಳಿಯಲಿಲ್ಲ. ಆ ಹತ್ತು ನಿಮಿಷ ಅವನು ಕೂತಲ್ಲೇ ಹೊರಳಾಡಿದ್ದನ್ನು ನಾನು ಬೆನ್ನು ನೆಟ್ಟಗೆ ಮಾಡಿ ಕೂತು ನೋಡಿದೆ. ಸಿಟ್ ಸ್ಟ್ರೇಟ್, ಗರ್ಲ್ಸ್, ಎಂದು ನಮ್ಮ ಸಿಸ್ಟರ್ ಹೇಳುತ್ತಿದ್ದರು.

ನನ್ನ ಸರದಿ ಬಂದಾಗ ಭಾಷಣ ಮಾಡಲಿಲ್ಲ. “ಒಂದು ಕಾಗದ ಓದ್ತೀನಿ,” ಎಂದೆ. ಮೊದಲು ಇಂಗ್ಲಿಷಿನಲ್ಲಿ ಓದಿದೆ, ಕಾಮಾ ಬಂದಲ್ಲಿ ನಿಂತು. ಆಮೇಲೆ ಕನ್ನಡದಲ್ಲಿ ಹೇಳಿದೆ. ಹಿಂದಿನಿಂದ ಯಾರೋ “ಬಾಯಿ, ಮರಾಠೀತ ಸಾಂಗಾ” ಎಂದರು, ಮರಾಠಿಯಲ್ಲೂ ಹೇಳಿದೆ. ಪಕ್ಕದಲ್ಲೇ ಹೈಸ್ಕೂಲು. ತಾಯಿಯ ನೆನಪಿಗೆ ನಾಲ್ಕು ಖೋಲಿ. ಮೂರು ಭಾಷೆಯಲ್ಲಿ ಮೂರು ಸಲ ಅವ್ವನ ಹೆಸರು ಆ ತಗಡಿನ ಕೆಳಗೆ ಕೇಳಿತು. ಕೊನೆಗೆ ಬದಿಯಲ್ಲಿ ಬರೆದದ್ದನ್ನು, ಅದರ ಕೆಳಗಿನ ಸಹಿಯನ್ನು ಓದಿ ಹಾಳೆಯನ್ನು ಯಲ್ಲವ್ವನ ಮೇಜಿನ ಮೇಲಿಟ್ಟೆ.

“ಮನಿ ಮಾತ ಮನ್ಯಾಗ ಇರಬೇಕು, ಅಕ್ಕಾ,” ಎಂದ ಸುಕುಮಾರ. ಧ್ವನಿ ಇಳಿದಿತ್ತು.

“ಛಾಪಿಸಿ ಹಂಚಿದ್ದು ಮನಿ ಮಾತಲ್ಲ.”

ಪರಶುರಾಮ ನಿಧಾನವಾಗಿ ಎದ್ದುನಿಂತ. “ಸಾಹೇಬ್ರ, ನನಗೂ ನೀವು ಹಿಂಗs ಹೇಳಿದ್ರೆಲ್ಲ. ಸಾಲಿ ಬಾಜೂಕ ಐತಿ, ಹೊಸಾ ಖೋಲಿ ಆಗ್ತಾವ, ಮಗಳು ಛತ್ರಿ ಇಲ್ದನs ಹೋಗಿ ಬರ್ತಾಳ ಅಂತ. ಅದಕ್ಕs ಅಲ್ಲೇನ್ರಿ ರೋಡಿನ ಪ್ಲಾಟಿನಕಿಂತ ರೇಟ ಹೆಚ್ಚ ಹಚ್ಚಿದ್ದು?”

ಸುಕುಮಾರ ಪಕ್ಕದಲ್ಲಿ ಕೂತಿದ್ದ ತನ್ನ ವಕೀಲರ ಕಡೆ ನೋಡಿದ. ವಕೀಲರು ಕನ್ನಡಕ ಒರೆಸುತ್ತಿದ್ದರು.

ಯಲ್ಲವ್ವ ಆ ಹಾಳೆಯನ್ನು ತಿರುವಿ ಮುರುವಿ ನೋಡಿದಳು. “ನಾ ಓದಿದಾಕಿ ಅಲ್ಲ. ಆದ್ರ ಆಡ ಮಾರೀನಿ. ಹಾಲ ಕೊಡತೈತಿ ಅಂತ ಹೇಳಿ ನಾ ಹೆಚ್ಚಿಗಿ ರೊಕ್ಕ ತಗೊಂಡ್ರ, ಆಮ್ಯಾಲ ಹಾಲ ಕೊಡೂದು ಸರಕಾರದ ಕೆಲಸ ಅನ್ನಾಕ ಬರ್ತದೇನ್ರಿ ಸಾಹೇಬ್ರ?”

ಈ ಸಲದ ನಗೆ ಛತ್ರಿ ಕೊಡವಿದಷ್ಟು ಇರಲಿಲ್ಲ. ತಗಡಿನ ಮಳೆಯೇ ಕೇಳದಂತಾಯಿತು. ನಾನು ನಗಲಿಲ್ಲ. ನಕ್ಕರೆ ಬೇಗ ಮುಗಿದುಹೋಗುತ್ತದೆ ಎಂದು ತಡೆದುಕೊಂಡೆ.

ಠರಾವು ತಿದ್ದಿ ಬರೆದರು. ಶುಲ್ಕ ಬೇಕು, ಆದರೆ ಮನೆ ಕಟ್ಟುವವರಿಂದಲ್ಲ, ಬಡಾವಣೆ ಮಾಡಿ ಮಾರುವವರಿಂದ, ಎಲ್ಲ ಪ್ಲಾಟುಗಳದ್ದೂ ಒಮ್ಮೆಲೇ. ಅದು ಬರುವವರೆಗೆ ಚಂಪಾ ಗಾರ್ಡನ್ಸ್‌ಗೆ ಮುಂದಿನ ಯಾವ ಪರವಾನಗಿಯೂ ಇಲ್ಲ. ಹೊರಗೆ ಬಂದಾಗ ಪರಶುರಾಮ ಛತ್ರಿ ಹಿಡಿದು ನನ್ನನ್ನು ಸ್ಟೇಶನ್ನಿನವರೆಗೆ ಬಿಟ್ಟ. “ಅಕ್ಕೋರ, ಹೋದ ವಾರ ನಾ ಅಂಗಿ ತೋಳ ಏರಿಸಬಾರದಾಗಿತ್ತು,” ಎಂದ. “ನಾನೂ ಒಮ್ಮೆ ಓದದs ಸಹಿ ಮಾಡಿದಾಕಿ, ಪರಶುರಾಮ,” ಎಂದೆ. ಅವನಿಗೆ ತಿಳಿಯಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ.

ಬೇಸಿಗೆಯಲ್ಲಿ ಆ ಶುಲ್ಕದ ಹಣದಿಂದ ಶಾಲೆಯ ಅಂಗಳದಲ್ಲೇ ನಾಲ್ಕು ಖೋಲಿ ಎದ್ದವು. ಗಟ್ಟಿ ಗೋಡೆ, ಕಿಟಕಿಗೆ ಕಬ್ಬಿಣದ ಬಾಗಿಲು. ಹೆಸರಿನ ಕಲ್ಲು ಕೂಡಿಸುವ ಹೊತ್ತಿಗೆ ಸುಕುಮಾರ ಪಂಚಾಯಿತಿಗೆ ಅರ್ಜಿ ಕೊಟ್ಟ: ಹಣ ತನ್ನದು, ಆದ್ದರಿಂದ ತಾಯಿಯ ಹೆಸರು ಕೆತ್ತಿಸಬೇಕು. ಯಲ್ಲವ್ವ ನನ್ನನ್ನು ಕರೆಸಿ ಕೇಳಿದಳು.

“ಅದು ದಾನ ಅಲ್ಲ, ಫೀ,” ಎಂದೆ. “ಫೀ ಕಟ್ಟಿದವರ ಹೆಸರು ಕಲ್ಲಿಗೆ ಬರಿಯೂದಿಲ್ಲ. ಅವ್ವನ ಹೆಸರ ಬರಿಯಬೇಕಂದ್ರ ನನ್ನ ಸಹಿ ಬೇಕು ಅಂತ ಠರಾವಿನಾಗ ಹಾಕಿಸ್ರಿ. ಆಕಿ ನನಗೂ ತಾಯಿ.”

ಯಲ್ಲವ್ವ ಜಗಿಯುತ್ತಿದ್ದ ಎಲೆ ಅಡಿಕೆಯನ್ನು ಒಂದು ದವಡೆಗೆ ಸರಿಸಿದಳು. “ಅಕ್ಕೋರ, ಆ ಹೆಸರ ಬರೀಬೇಕಂತನs ನೀವು ಇಷ್ಟೆಲ್ಲಾ ಗುದ್ದಾಡಿದ್ರೆಲ್ಲ.”

“ಅವನ ಕೈಯಿಂದ ಬ್ಯಾಡ.”

ಅವಳು ಹಾಗೇ ಬರೆಸಿದಳು. ಕಲ್ಲಿನ ಮೇಲೆ ‘ಹೊಸ ಬಡಾವಣೆಯ ಶುಲ್ಕದಿಂದ ಕಟ್ಟಿದ್ದು’ ಎಂದಷ್ಟೇ ಕೆತ್ತಿದರು. ಕೊನೆಯ ವರ್ಷ ನಾನು ಆ ಖೋಲಿಯಲ್ಲಿ ಪಾಠ ಮಾಡಿದೆ. ಪಡುವಣದ ಮಳೆ ಕಿಟಕಿಗೆ ಬಡಿದು ಹೊರಗೇ ಜಾರುತ್ತಿತ್ತು. ಯಾರೂ ಸೀನುತ್ತಿರಲಿಲ್ಲ. ಸಂಜೆ ಗಾಡಿಗೆ ಹೋಗುವಾಗ ಮಾತ್ರ ಆ ಕಮಾನಿನ ಮುಂದೆಯೇ ಹಾಯಬೇಕಿತ್ತು. ಅವ್ವನ ಹೆಸರು ಇಡೀ ಖಾನಾಪುರದಲ್ಲಿ ಆ ಒಂದೇ ಜಾಗದಲ್ಲಿತ್ತು, ಅವನ ಗೇಟಿನ ಮೇಲೆ. ತಲೆ ತಗ್ಗಿಸಿಕೊಂಡು ಹಾಯುತ್ತಿದ್ದೆ. ಆದರೂ ಮತ್ತೆ ಕೇಳಿದ್ದರೆ ಅದೇ ಉತ್ತರ ಕೊಡುತ್ತಿದ್ದೆ.

ಈಗ ಅವನು ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದ. ಬಾಡಿಗೆ ಮನೆ ಅದೇ. ಹಿಂಡಲಗಾ ಜೈಲಿನಿಂದ ಇಲ್ಲಿಗೆ ದೂರವೇನಿಲ್ಲ. ನನ್ನ ತಮ್ಮ ಇರಬೇಕಾದ ಓಣಿಯಲ್ಲಿ ನಾನಿದ್ದೇನೆ ಎಂದು ಬಂದವರಿಗೆಲ್ಲ ಹೇಳಿ ನಗಿಸಿದ್ದೇನೆ. ಅವನಿಗೆ ಎಡಗೈ ಸ್ವಾಧೀನವಿಲ್ಲ. ಬಲಗೈಯಿಂದ ಸೀರೆಯ ಪೊಟ್ಟಣ ಮೇಜಿನ ಮೇಲಿಟ್ಟ. ಹಸಿರು ಒಡಲು, ಕೆಂಪು ಸೆರಗು, ಹುಡುಕಿಯೇ ತಂದಿದ್ದ. ಅದರ ಮೇಲೆ ಒಂದು ಕಾಗದ.

“ಸಾಲಿಗೆ ಸುಣ್ಣ ಬಣ್ಣ ನಡದೈತಿ, ಅಕ್ಕಾ. ಅವ್ವನ ಹೆಸರು ಹಾಕಿಸಬೇಕಂತೀನಿ. ಪರಶ್ಯಾನ ಮಗಳು ಮಂಗಲಾ ಈಗ ಅಲ್ಲೇ ಹೆಡ್‌ಮಿಸ್ಟ್ರೆಸ್. ಹಳೇ ಠರಾವ ತಗದು ತೋರಿಸಿ, ಅಕ್ಕೋರ ಸಹಿ ಇಲ್ಲದ ಆಗೂದಿಲ್ಲ ಅಂದ್ಲು.”

ನಾನು ಕನ್ನಡಕದ ಡಬ್ಬಿ ತೆಗೆದೆ.

“ಇದರಾಗ ಓದೂದೇನೈತಿ, ಅಕ್ಕಾ?” ಎಂದ. ಅಂದಮೇಲೆ ಅವನಿಗೇ ಕೇಳಿಸಿತು. ಮುಖ ಕೆಳಗೆ ಹಾಕಿದ.

ಕನ್ನಡಕ ಸೆರಗಿನಿಂದ ಒರೆಸಿ ಹಾಕಿಕೊಂಡೆ. ಓದತೊಡಗಿದೆ. ಆರೇ ಸಾಲಿನ ಕಾಗದ. ಮೂರನೆಯ ಸಾಲಿನಲ್ಲಿ ಅವ್ವ ಇದ್ದಳು. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ಹೊರಗೆ ಮಳೆ ಜೋರಾಯಿತು, ನಿಂತಿತು. ಅವನ ಚಹಾ ಆರಿತು. ಮೊದಲಿನಿಂದ ಮತ್ತೊಮ್ಮೆ ಓದಿದೆ. ಗೋಡೆಯ ಗಡಿಯಾರದ ಕೆಳಗೆ ಅವನ ತಲೆ ಸಣ್ಣಗೆ ಅಲುಗುತ್ತಿತ್ತು, ಮುದುಕರದು ಅಲುಗುವಂತೆ; ಅವ್ವನದೂ ಕೊನೆಗೆ ಹೀಗೇ ಅಲುಗುತ್ತಿತ್ತು.

ಕಾಗದವನ್ನು ಮಡಚಿ ಅವನ ಬಲಗೈಗೆ ಕೊಟ್ಟೆ.

“ಸೀರಿ ಇರಲಿ,” ಎಂದೆ. “ಓದೂದು ಇನ್ನೂ ಮುಗದಿಲ್ಲ. ಮುಂದಿನ ಪಂಚಮಿಗೆ ತಗೊಂಡ ಬಾ.”

“ಮುಂದಿನ ಪಂಚಮಿಗೆ ನಾ ಇರ್ತೀನೋ ಇಲ್ಲೋ, ಅಕ್ಕಾ.”

“ಇರಬೇಕು,” ಎಂದೆ.